ಕೆಲಸ ಅರ್ಧಕ್ಕೆ ಬಿಟ್ಟು ಮೇಲೆ ಬರುವುದು: ಅಂಟಾರ್ಕ್ಟಿಕದ ಕೊಲ್ಲಿಯೊಂದರ ಡೈವಿಂಗ್ ಪ್ರಕರಣ

ಹಿನ್ನೆಲೆ

ಅಂಟಾರ್ಕ್ಟಿಕ ಪರ್ಯಾಯ ದ್ವೀಪದ ಪಶ್ಚಿಮ ಕರಾವಳಿಯ ಸಂಶೋಧನಾ ಕೇಂದ್ರವೊಂದರಲ್ಲಿ, ಏಪ್ರಿಲ್ ತಿಂಗಳ ಒಂದು ದಿನ, 15 ಮೀಟರ್ ಆಳದಲ್ಲಿ ಕೆಲಸ ಮಾಡುತ್ತಿದ್ದ ಇಬ್ಬರು ಡೈವರ್‌ಗಳನ್ನು ಕೆಲಸ ಮುಗಿಯುವ ಮೊದಲೇ ಮೇಲಕ್ಕೆ ಕರೆಸಲಾಯಿತು. ಯಾರಿಗೂ ಪ್ರಾಣಾಪಾಯವಾಗಲಿಲ್ಲ. ಆದರೂ ಆ ನಿರ್ಧಾರ ಸಕಾಲದ್ದೋ ಅವಸರದ್ದೋ ಎಂಬ ಬಗ್ಗೆ ತಂಡದೊಳಗೆ ಬಹಳ ದಿನ ಚರ್ಚೆ ನಡೆಯಿತು, ಮತ್ತು ಆ ಚರ್ಚೆಯಿಂದಲೇ ಮುಂದಿನ ಋತುವಿನ ಕೆಲಸದ ಕ್ರಮ ಬದಲಾಯಿತು. ಘಟನೆಯ ನಂತರದ ಪರಿಶೀಲನೆಯಲ್ಲಿ ದೋಣಿ ವಿಭಾಗದ ಪರವಾಗಿ ನಾನು ಭಾಗವಹಿಸಿದ್ದೆ. ಗುರುತು ಸಿಗಬಾರದೆಂದು ಕೇಂದ್ರದ ಹೆಸರು, ದೇಶ, ವರ್ಷಗಳನ್ನು ಇಲ್ಲಿ ಬಿಟ್ಟಿದ್ದೇನೆ. ವ್ಯಕ್ತಿಗಳನ್ನು ಅವರು ಹೊತ್ತಿದ್ದ ಹೊಣೆಯಿಂದ ಮಾತ್ರ ಹೆಸರಿಸಿದ್ದೇನೆ.

ಧ್ರುವ ಪ್ರದೇಶದ ಸಾಗರ ವಿಜ್ಞಾನದಲ್ಲಿ ಡೈವರ್ ಮತ್ತು ದೋಣಿ ಚಾಲಕರದ್ದು ಬೆಂಬಲದ ಕೆಲಸ. ಪ್ರಶ್ನೆ ವಿಜ್ಞಾನಿಗಳದ್ದು, ಆ ಪ್ರಶ್ನೆಗೆ ಉತ್ತರ ಕೊಡಬಲ್ಲ ಮಾದರಿಯನ್ನು ಸಮುದ್ರದ ತಳದಿಂದ ಜೀವಂತವಾಗಿ ಪ್ರಯೋಗಾಲಯದ ತೊಟ್ಟಿಯವರೆಗೆ ತಲುಪಿಸುವುದು ಇವರ ಪಾಲಿನದು. ಈ ಪ್ರಕರಣದಲ್ಲಿ ತರಬೇಕಾಗಿದ್ದುದು ತಳದ ಲೋಹದ ಚೌಕಟ್ಟಿಗೆ ಬೋಲ್ಟ್ ಹಾಕಿ ಕೂರಿಸಿದ್ದ ಎಂಟು ಪ್ಲಾಸ್ಟಿಕ್ ಫಲಕಗಳನ್ನು. ಸಮುದ್ರದಲ್ಲಿ ತೇಲಾಡುವ ಲಾರ್ವಾಗಳು ಇಂತಹ ಫಲಕಗಳ ಮೇಲೆ ಬಂದು ನೆಲೆಸುತ್ತವೆ. ಗುಂಪುಗೂಡಿ ಪದರದಂತೆ ಹರಡುವ ಸೂಕ್ಷ್ಮ ಪ್ರಾಣಿಗಳಾದ ಬ್ರಯೋಜೋವ, ಕೊಳವೆ ಹುಳು, ಸ್ಪಂಜುಗಳ ಪುಟ್ಟ ವಸಾಹತುಗಳು ತಿಂಗಳುಗಟ್ಟಲೆ ನಿಧಾನವಾಗಿ ಹರಡುತ್ತವೆ. ಇಷ್ಟು ಸಣ್ಣ ಫಲಕದಿಂದ ಎಂತಹ ಮಾತು ಹೊರಬರಬಹುದೆಂಬುದಕ್ಕೆ 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ಸಾಕ್ಷಿ. ಇದೇ ಕರಾವಳಿಯಲ್ಲಿರುವ ಬ್ರಿಟನ್ನಿನ ರೊಥೆರಾ ಸಂಶೋಧನಾ ಕೇಂದ್ರದ ಬಳಿ ಫಲಕಗಳನ್ನು ಸುತ್ತಲಿನ ನೀರಿಗಿಂತ 1 ಡಿಗ್ರಿಯಷ್ಟು ಬೆಚ್ಚಗಿಟ್ಟಾಗ ಕೆಲವು ಪ್ರಭೇದಗಳ ಬೆಳವಣಿಗೆ ಸುಮಾರು ಇಮ್ಮಡಿಯಾಯಿತು, ಒಂದೇ ಒಂದು ಬ್ರಯೋಜೋವ ಪ್ರಭೇದ ಉಳಿದವುಗಳನ್ನು ಒತ್ತರಿಸಿ ಫಲಕವನ್ನು ಆವರಿಸಿತು. ನಮ್ಮ ಪ್ರಕರಣದ ಫಲಕಗಳಿಗೆ ತಾಪನದ ವ್ಯವಸ್ಥೆ ಇರಲಿಲ್ಲ. ಆದರೂ ಒಂದು ಇಡೀ ಬೇಸಿಗೆಯ ಬೆಳವಣಿಗೆ ಅವುಗಳ ಮೇಲಿತ್ತು, ಮತ್ತು ಚಳಿಗಾಲದ ಮಂಜುಗಡ್ಡೆ ಕೊಲ್ಲಿಯನ್ನು ಮುಚ್ಚುವ ಮೊದಲು ಅವುಗಳನ್ನು ತರಲೇಬೇಕಿತ್ತು.

ತಂಡದಲ್ಲಿ ಐವರಿದ್ದರು. ದೋಣಿಯ ಮೇಲೆ ಚಾಲಕ, ಡೈವ್ ಮೇಲ್ವಿಚಾರಕಿ ಮತ್ತು ಹಗ್ಗ ನೋಡಿಕೊಳ್ಳುವ ಸಹಾಯಕ. ನೀರಿನೊಳಗೆ ಅನುಭವಿ ವೃತ್ತಿಪರ ಡೈವರ್ ಒಬ್ಬರು, ಜತೆಗೆ ಫಲಕಗಳ ಪ್ರಯೋಗವನ್ನು ರೂಪಿಸಿದ್ದ ಸಂಶೋಧಕಿ, ಅವರೂ ತರಬೇತಿ ಪಡೆದ ಡೈವರ್. ವೃತ್ತಿಪರ ಡೈವರ್‌ನ ಮುಖವಾಡದಿಂದ ದೋಣಿಗೆ ಮಾತಿನ ತಂತಿ ಸೇರಿದ ಹಗ್ಗವಿತ್ತು. ಸಂಶೋಧಕಿಯನ್ನು ಆತನೊಂದಿಗೆ ಗಿಡ್ಡ ಹಗ್ಗದಿಂದ ಜೋಡಿಸಲಾಗಿತ್ತು. ಅರ್ಧ ಕಿಲೋಮೀಟರ್ ದೂರದಲ್ಲಿ ಎರಡನೇ ದೋಣಿ ಸಿದ್ಧವಾಗಿ ನಿಂತಿತ್ತು. ದಡದ ದಿಬ್ಬದ ಮೇಲೆ ದುರ್ಬೀನು ಹಿಡಿದ ಕಾವಲುಗಾರನೊಬ್ಬನಿದ್ದ.

ಕಾವಲುಗಾರನ ಕೆಲಸವನ್ನು ಇಲ್ಲಿ ಬಿಡಿಸಿ ಹೇಳಬೇಕು, ಏಕೆಂದರೆ ಮುಂದೆ ಅದೇ ಮುಖ್ಯವಾಗುತ್ತದೆ. 2003ರ ಜುಲೈನಲ್ಲಿ ರೊಥೆರಾದ ಬಳಿ ಸ್ನಾರ್ಕೆಲ್ ಧರಿಸಿ ಕೆಲಸ ಮಾಡುತ್ತಿದ್ದ ಯುವ ಸಾಗರ ಜೀವಶಾಸ್ತ್ರಜ್ಞೆಯೊಬ್ಬರನ್ನು ಲೆಪರ್ಡ್ ಸೀಲ್ ಎಂಬ ದೊಡ್ಡ ಬೇಟೆಗಾರ ಸೀಲ್ ನೀರಿನಾಳಕ್ಕೆ ಎಳೆದೊಯ್ದು, ಅವರು ಮೃತಪಟ್ಟರು. ಆ ಪ್ರಾಣಿಯಿಂದ ಮನುಷ್ಯರೊಬ್ಬರು ಸತ್ತ ಮೊದಲ ದಾಖಲೆ ಅದು. ಆ ದುರಂತ ಧ್ರುವ ಪ್ರದೇಶದ ಡೈವಿಂಗ್ ಸಮುದಾಯವನ್ನು ಆಳವಾಗಿ ಕಲಕಿತು. ಈ ಕೇಂದ್ರದಲ್ಲಿಯೂ ಡೈವ್‌ಗೆ ಮೊದಲು ಅರ್ಧ ಗಂಟೆ ನೀರನ್ನು ಗಮನಿಸಿ, ಲೆಪರ್ಡ್ ಸೀಲ್ ಅಥವಾ ಓರ್ಕಾ ತಿಮಿಂಗಿಲ ಕಂಡರೆ ನೀರಿಗಿಳಿಯಬಾರದೆಂಬ ನಿಯಮವಿತ್ತು. ಆ ದಿನವೂ ಅದನ್ನು ಚಾಚೂ ತಪ್ಪದೆ ಪಾಲಿಸಲಾಗಿತ್ತು.

ಸಮಸ್ಯೆ

ಬೆಳಗಿನ ಹವಾಮಾನ ಮುನ್ಸೂಚನೆ ಅನುಕೂಲವಾಗಿಯೇ ಇತ್ತು. ದಕ್ಷಿಣದ ಮಂದ ಗಾಳಿ, ಸ್ವಚ್ಛ ಆಕಾಶ, ಗಾಳಿಯ ಉಷ್ಣತೆ ಮೈನಸ್ 9 ಡಿಗ್ರಿ, ನೀರು ಸೊನ್ನೆಗಿಂತ ಒಂದು ಡಿಗ್ರಿಯಷ್ಟು ಕೆಳಗೆ. ಉಪ್ಪಿನ ಕಾರಣದಿಂದ ಸಮುದ್ರದ ನೀರು ಮೈನಸ್ 1.8ರ ಸುಮಾರಿಗೆ ಹೆಪ್ಪುಗಟ್ಟುವುದರಿಂದ ಕೊಲ್ಲಿ ಇನ್ನೂ ತೆರೆದೇ ಇತ್ತು. ಉತ್ತರದ ಗಾಳಿ ಬೀಸಿದರೆ ಹೊರಗಿನ ಮಂಜುಗಡ್ಡೆ ಕೊಲ್ಲಿಯೊಳಗೆ ತುಂಬಿಕೊಳ್ಳುತ್ತದೆ ಎಂಬುದು ಅಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು. ಆ ದಿನ ಉತ್ತರದ ಗಾಳಿಯ ಸೂಚನೆಯೇ ಇರಲಿಲ್ಲವಾದ್ದರಿಂದ ಮಂಜುಗಡ್ಡೆಯ ಬಗ್ಗೆ ಬೆಳಗಿನ ಸಭೆಯಲ್ಲಿ ಹೆಚ್ಚು ಮಾತಾಗಲಿಲ್ಲ.

ಗಾಳಿ ಕೊನೆಯವರೆಗೂ ಬದಲಾಗಲಿಲ್ಲ. ಬದಲಾದುದು ಮಂಜುಗಡ್ಡೆ ಹುಟ್ಟುವ ಜಾಗ. ಕೊಲ್ಲಿಯ ಒಳಭಾಗದಲ್ಲಿ ವಾರಗಳಿಂದ ತಳಕ್ಕೆ ತಾಗಿ ನಿಂತಿದ್ದ ಹಿಮಬಂಡೆಯೊಂದು ಇಳಿತದ ಹೊತ್ತಿಗೆ ಒಡೆಯಿತು. ನೆಲಕಚ್ಚಿದ ಹಿಮಬಂಡೆಗಳು ಉಬ್ಬರವಿಳಿತದ ಬದಲಾವಣೆಯಲ್ಲಿ ಆಸರೆ ತಪ್ಪಿ ಮಗುಚುವುದು, ಒಡೆಯುವುದು ಅಪರೂಪವೇನಲ್ಲ. ಒಡೆದಾಗ ಉದುರುವ ಚೂರುಗಳ ರಾಶಿಗೆ ಬ್ರ್ಯಾಶ್ ಎನ್ನುತ್ತಾರೆ. ಒಂದೊಂದು ಚೂರೂ 2 ಮೀಟರಿಗಿಂತ ಕಿರಿದಾದರೂ, ರಾಶಿಯಾಗಿ ಸೇರಿದಾಗ ಅದು ರಬ್ಬರ್ ದೋಣಿಗೆ ದಾರಿ ಬಿಡುವುದಿಲ್ಲ. ಇಳಿತದ ಸೆಳೆತ ಆ ರಾಶಿಯನ್ನು ಕೊಲ್ಲಿಯ ಒಳಗಿನಿಂದ ಹೊರಕ್ಕೆ, ನೇರವಾಗಿ ಡೈವ್ ನಡೆಯುತ್ತಿದ್ದ ಜಾಗದತ್ತ ತಂದಿತು.

ದಿಬ್ಬದ ಕಾವಲುಗಾರ ಅದನ್ನು ಮೊದಲು ಕಾಣಲಿಲ್ಲ. ಆತನ ಕಣ್ಣು ದೋಣಿಯ ಸುತ್ತಲಿನ ನೀರಿನ ಮೇಲಿತ್ತು, ಕೊಲ್ಲಿಯ ಒಳಭಾಗ ಆತನ ಬೆನ್ನ ಹಿಂದಿತ್ತು. ಇದನ್ನು ಆತನ ಅಜಾಗರೂಕತೆ ಎಂದು ನಾನು ಒಪ್ಪುವುದಿಲ್ಲ. ಸೀಲ್ ನೋಡು ಎಂದು ಹೇಳಲಾಗಿತ್ತು, ಆತ ಸೀಲ್ ನೋಡುತ್ತಿದ್ದ. 2003ರ ಪಾಠ ಅಷ್ಟು ಚೆನ್ನಾಗಿ ಬೇರೂರಿದ್ದರಿಂದಲೇ ಕಾವಲು ಎಂದರೆ ಪ್ರಾಣಿಯ ಕಾವಲು ಎಂಬ ಅರ್ಥ ಗಟ್ಟಿಯಾಗಿಬಿಟ್ಟಿತ್ತು.

ನೀರಿನೊಳಗೆ ಮತ್ತು ಮೇಲೆ

ಡೈವರ್‌ಗಳು ನೀರಿಗಿಳಿದದ್ದು 11:20ಕ್ಕೆ. ಮೊದಲ ಕೆಲವು ನಿಮಿಷ ಚೌಕಟ್ಟಿನ ಛಾಯಾಚಿತ್ರ, ಅನಂತರ ಫಲಕ ಬಿಚ್ಚುವುದು. ದಪ್ಪ ಕೈಗವಸಿನೊಳಗೆ ಮರಗಟ್ಟಿದ ಬೆರಳುಗಳಿಂದ ರೆಕ್ಕೆಯಂತಹ ಹಿಡಿಯುಳ್ಳ ನಟ್ಟುಗಳನ್ನು ತಿರುಗಿಸಿ, ಅವು ಕೆಳಗೆ ಬೀಳದಂತೆ ಚೀಲಕ್ಕೆ ಹಾಕಿ, ಫಲಕದ ಮುಖಕ್ಕೆ ಬೆರಳು ತಾಗದ ಹಾಗೆ ಅಂಚು ಹಿಡಿದು ಮುಚ್ಚಳದ ಪೆಟ್ಟಿಗೆಯ ಸಂದಿನಲ್ಲಿ ಕೂರಿಸಬೇಕು. ಪೆಟ್ಟಿಗೆಯಲ್ಲಿ ಸಮುದ್ರದ ನೀರು ತುಂಬಿರಲೇಬೇಕು. ಮೈನಸ್ 9 ಡಿಗ್ರಿಯ ಗಾಳಿಗೆ ಫಲಕವನ್ನು ಒಡ್ಡಿದರೆ ವಸಾಹತುಗಳು ದೋಣಿಯಲ್ಲೇ ಹೆಪ್ಪುಗಟ್ಟುತ್ತವೆ. ಒಂದು ಫಲಕಕ್ಕೆ ಎರಡು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಹಿಡಿಯುತ್ತಿತ್ತು.

11:38ಕ್ಕೆ ಬ್ರ್ಯಾಶ್‌ನ ಅಂಚು, ದೋಣಿಯಿಂದ ಸುಮಾರು 400 ಮೀಟರ್ ದೂರದ ಕಪ್ಪು ಬಂಡೆಯೊಂದನ್ನು ದಾಟಿದುದನ್ನು ಚಾಲಕ ಕಂಡ. ಪರಿಶೀಲನೆಯಲ್ಲಿ ಆತ ವಿವರಿಸಿದ ಲೆಕ್ಕವನ್ನು ಹಾಗೆಯೇ ಕೊಡುತ್ತೇನೆ, ಏಕೆಂದರೆ ಇಡೀ ಪ್ರಕರಣದ ತಿರುಳು ಅದರಲ್ಲಿದೆ. ಬಂಡೆಯ ಪಕ್ಕದಲ್ಲಿ ಮಂಜುಗಡ್ಡೆ ಸಾಗುವುದನ್ನು ನೋಡಿದರೆ ವೇಗ ಅರ್ಧ ನಾಟ್, ಅಂದರೆ ನಿಮಿಷಕ್ಕೆ 15 ಮೀಟರ್. ಆ ಲೆಕ್ಕದಲ್ಲಿ ಅದು ದೋಣಿಯನ್ನು ತಲುಪಲು ಸುಮಾರು 26 ನಿಮಿಷ ಬೇಕು. ಕರೆ ಕೊಟ್ಟ ಮೇಲೆ ಡೈವರ್‌ಗಳು ಸಾಮಾನು ಜೋಡಿಸಿ, ನಿಮಿಷಕ್ಕೆ 9 ಮೀಟರಿನಂತೆ ಏರಿ, ದೇಹದಲ್ಲಿ ಕರಗಿದ ಸಾರಜನಕ ನಿಧಾನವಾಗಿ ಹೊರಹೋಗಲೆಂದು 5 ಮೀಟರಿನಲ್ಲಿ ಮೂರು ನಿಮಿಷ ನಿಂತು, ಭಾರದ ಸಲಕರಣೆಯೊಂದಿಗೆ ಇಬ್ಬರೂ ದೋಣಿ ಹತ್ತಲು 12 ನಿಮಿಷವಾದರೂ ಬೇಕು. ಒಂದು ವಿಷಯ ಕೆಟ್ಟರೆ ಅದು ದುಪ್ಪಟ್ಟಾಗುತ್ತದೆ. ಹಾಗಾಗಿ ಇರುವ ಸಮಯ ಬೇಕಾದ ಸಮಯಕ್ಕೆ ಸರಿಸಮನಾಯಿತು, ಮಿಗಿಸಿ ಕೆಲಸ ಮಾಡಲು ಏನೂ ಉಳಿದಿಲ್ಲ.

ದೋಣಿ ಚಾಲಕನಿಗೆ ಅಲ್ಲಿ ಇನ್ನೊಂದು ಕಷ್ಟವೂ ಇತ್ತು. ಡೈವರ್‌ಗಳು ಕೆಳಗಿರುವಾಗ ಪ್ರೊಪೆಲ್ಲರ್ ತಿರುಗಬಾರದು, ಆದ್ದರಿಂದ ಎಂಜಿನ್ ನಿಂತಿತ್ತು. ನಿಂತ ಎಂಜಿನ್ನಿನ ದೋಣಿಯನ್ನು ಮಂಜುಗಡ್ಡೆ ಸುತ್ತುವರಿದರೆ ಅದು ಡೈವರ್‌ನ ಹಗ್ಗವನ್ನೂ ಹಿಡಿದು ಎಳೆಯತೊಡಗುತ್ತದೆ. ಮೇಲಿನ ಮಂಜು ಸಾಗಿದಂತೆ ಹಗ್ಗ ಸಾಗುತ್ತದೆ, ಹಗ್ಗದ ತುದಿಯಲ್ಲಿ ಮನುಷ್ಯ ಇರುತ್ತಾನೆ. ತೆರೆದ ನೀರಿನಲ್ಲಿ ಜೀವ ಕಾಯುವ ಹಗ್ಗ ಮಂಜುಗಡ್ಡೆಯ ನಡುವೆ ಅಪಾಯವಾಗುವುದು ಹೀಗೆ.

ಡೈವ್ ನಿಲ್ಲಿಸುವ ಅಧಿಕಾರ ಕಾಗದದ ಮೇಲೆ ಮೇಲ್ವಿಚಾರಕಿಯದು ಮಾತ್ರ. ಚಾಲಕ ಆಕೆಗೆ ತನ್ನ ಲೆಕ್ಕ ಹೇಳಿದ. ಆಕೆ ಎದ್ದು ನಿಂತು ಬಂಡೆಯತ್ತ ಒಮ್ಮೆ ನೋಡಿ, ಮಾತಿನ ತಂತಿಯಲ್ಲಿ ಕೆಳಗಿನ ಸ್ಥಿತಿ ಕೇಳಿದಳು. ಆರು ಫಲಕ ಪೆಟ್ಟಿಗೆಯಲ್ಲಿವೆ, ಎರಡು ಉಳಿದಿವೆ, ಐದು ನಿಮಿಷ ಸಾಕು ಎಂಬ ಉತ್ತರ ಬಂತು. ಆ ಎರಡನ್ನು ಬಿಟ್ಟು ಬನ್ನಿ ಎಂದು ಆಕೆ ಹೇಳಿದಳು. ಇದು ಮೊದಲ ತಿರುವು. ಐದು ನಿಮಿಷ ಎಂಬುದು ಕೇಳಲು ಸಣ್ಣ ಮಾತು, ಜತೆಗಾರನ ಮೂಲಕ ಕೇಳಿದವರು ಸಂಶೋಧಕಿ, ಒಂದು ಬೇಸಿಗೆಯ ಶ್ರಮ ಅದರ ಹಿಂದಿತ್ತು. ಕೊಡದಿರುವುದಕ್ಕೆ ದೃಢತೆ ಬೇಕಿತ್ತು.

ಎರಡನೇ ತಿರುವು ತಳದಲ್ಲಿ. ತುಂಬಿದ ಪೆಟ್ಟಿಗೆಯನ್ನು ಮೇಲಕ್ಕೆ ತರುವುದು ಆ ಅವಸರದಲ್ಲಿ ಆಗದ ಕೆಲಸ. ಸಾಮಾನ್ಯವಾಗಿ ಅದನ್ನು ತೇಲುಬುರುಡೆಯ ಹಗ್ಗಕ್ಕೆ ಕಟ್ಟಿ, ಅನಂತರ ದೋಣಿಯಿಂದ ಎಳೆದುಕೊಳ್ಳುತ್ತಾರೆ. ವೃತ್ತಿಪರ ಡೈವರ್ ಹಾಗೆ ಮಾಡದೆ, ಪೆಟ್ಟಿಗೆಯನ್ನು ಚೌಕಟ್ಟಿಗೇ ಎರಡು ಕೊಂಡಿ ಹಾಕಿ ಬಿಗಿದ. ಮಂಜುಗಡ್ಡೆ ಬಂದರೆ ತೇಲುಬುರುಡೆಯನ್ನು ಹೊತ್ತೊಯ್ಯುತ್ತದೆ ಎಂದು ಆತ ಊಹಿಸಿದ್ದ. ಹಾಗೆಯೇ ಆಯಿತು, ಬುರುಡೆ, ಹಗ್ಗ ಎರಡೂ ಆ ದಿನವೇ ಕಾಣೆಯಾದವು.

11:43ಕ್ಕೆ ಅವರು ತಳ ಬಿಟ್ಟರು. 9 ಮೀಟರಿನ ಸುಮಾರಿಗೆ ಸಂಶೋಧಕಿಯ, ಸಿಲಿಂಡರಿನ ಗಾಳಿಯನ್ನು ಬಾಯಿಗೆ ತಲುಪಿಸುವ ಕವಾಟದ ಸಾಧನವಾದ ರೆಗ್ಯುಲೇಟರ್‌ನಿಂದ ಗಾಳಿ ತಡೆಯಿಲ್ಲದೆ ನುಗ್ಗತೊಡಗಿತು. ಸಿಲಿಂಡರಿನ ಒತ್ತಡದ ಗಾಳಿ ಹಿಗ್ಗುವಾಗ ತಣ್ಣಗಾಗುತ್ತದೆ. ನೀರೇ ಸೊನ್ನೆಗಿಂತ ಕೆಳಗಿರುವಾಗ, ಜೋರಾಗಿ ಉಸಿರೆಳೆದರೆ ಕವಾಟದ ಮೇಲೆ ಮಂಜು ಕಟ್ಟಿ ಅದು ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಕೆಲವೇ ನಿಮಿಷಗಳಲ್ಲಿ ಸಿಲಿಂಡರ್ ಬರಿದಾಗುತ್ತದೆ. ಮುರುಡೇಶ್ವರದ ನೇತ್ರಾಣಿಯಂತಹ ಬೆಚ್ಚನೆಯ ನೀರಿನಲ್ಲಿ ಡೈವಿಂಗ್ ಕಲಿತವರು ಧ್ರುವಕ್ಕೆ ಹೋದರೆ ಮೊದಲು ಬಿಡಬೇಕಾದ ಅಭ್ಯಾಸ ಇಲ್ಲಿದೆ: ನೀರಿಗಿಳಿಯುವ ಮೊದಲು ದೋಣಿಯಲ್ಲಿ ಕೂತು ರೆಗ್ಯುಲೇಟರ್‌ನಲ್ಲಿ ಉಸಿರಾಡಿ ಪರೀಕ್ಷಿಸುವುದು. ಅಲ್ಲಿ ಅದು ಎಚ್ಚರಿಕೆ. ಇಲ್ಲಿ ಉಸಿರಿನ ತೇವವೇ ಹೆಪ್ಪುಗಟ್ಟಿ ತೊಂದರೆಯ ಬೀಜವಾಗುತ್ತದೆ.

ಧ್ರುವದ ಡೈವರ್‌ಗಳು ಒಂದೇ ಸಿಲಿಂಡರಿಗೆ ಎರಡು ಪ್ರತ್ಯೇಕ ಕವಾಟ, ಎರಡು ಪ್ರತ್ಯೇಕ ರೆಗ್ಯುಲೇಟರ್ ಇಟ್ಟುಕೊಳ್ಳುವುದು ಇದೇ ಕಾರಣಕ್ಕೆ. ಸಂಶೋಧಕಿ ಎರಡನೆಯದನ್ನು ಬಾಯಿಗಿಟ್ಟುಕೊಂಡರು, ಜತೆಗಾರ ಆಕೆಯ ಬೆನ್ನ ಹಿಂದೆ ಕೈ ಹಾಕಿ ಕೆಟ್ಟದ್ದರ ಕವಾಟ ಮುಚ್ಚಿದ. ಅಭ್ಯಾಸ ಮಾಡಿದ್ದ ಕೆಲಸವಾದ್ದರಿಂದ ಅರ್ಧ ನಿಮಿಷದೊಳಗೆ ಮುಗಿಯಿತು. ಆದರೆ ಈಗ ಆಕೆಗೆ ಉಳಿದಿರುವುದು ಒಂದೇ ರೆಗ್ಯುಲೇಟರ್, ಮೇಲೆ ಮಂಜುಗಡ್ಡೆ ವೇಗ ಹೆಚ್ಚಿಸಿಕೊಂಡಿತ್ತು. ಬಂಡೆಗೂ ಎದುರಿನ ಪುಟ್ಟ ದ್ವೀಪಕ್ಕೂ ನಡುವೆ ಕಾಲುವೆ ಕಿರಿದಾಗುತ್ತದೆ, ಅಲ್ಲಿ ಸೆಳೆತ ಬಲವಾಗುತ್ತದೆ.

5 ಮೀಟರಿನ ನಿಲುಗಡೆ ಬೇಡ, ಆದರೆ ಏರುವ ವೇಗ ಹೆಚ್ಚಬಾರದು ಎಂದು ಮೇಲ್ವಿಚಾರಕಿ ಆದೇಶಿಸಿದಳು. ಇದು ಮೂರನೇ ತಿರುವು. ಎದುರಿಗಿದ್ದವು ಎರಡು ಅಪಾಯಗಳು, ಆಯ್ದುಕೊಳ್ಳಲು ಕ್ಷಣಗಳಷ್ಟೇ ಸಮಯ. 15 ಮೀಟರಿನಲ್ಲಿ ಸುಮಾರು 20 ನಿಮಿಷ ಎಂಬುದು ನಿಲುಗಡೆಯಿಲ್ಲದೆ ಏರಬಹುದಾದ ಮಿತಿಯೊಳಗೆ ಬಹಳ ದೂರವೇ ಇತ್ತು. ಆ ಮೂರು ನಿಮಿಷ ಹೆಚ್ಚುವರಿ ಭದ್ರತೆ, ಅನಿವಾರ್ಯವಲ್ಲ. ಮಂಜುಗಡ್ಡೆ ಮಾತ್ರ ಖಚಿತ. 11:47ಕ್ಕೆ ತಲೆಗಳು ಮೇಲೆ ಕಂಡವು, 11:53ಕ್ಕೆ ಇಬ್ಬರೂ ದೋಣಿಯೊಳಗಿದ್ದರು, 11:56ಕ್ಕೆ ಬ್ರ್ಯಾಶ್ ದೋಣಿಯನ್ನು ಮುಟ್ಟಿತು. ಚಾಲಕ ಊಹಿಸಿದ್ದ 26 ನಿಮಿಷದ ಬದಲು 18 ನಿಮಿಷದಲ್ಲಿ ಅದು ಬಂದಿತ್ತು.

ದ್ವೀಪದ ರಾತ್ರಿ

ಮೂರು ನಿಮಿಷದ ಮುನ್ನಡೆ ಹೊರಬೀಳಲು ಸಾಲಲಿಲ್ಲ. ಗಡ್ಡೆಗಳ ನಡುವಿನ ನೀರು ಗಂಜಿಯಂತೆ ದಪ್ಪಗಾಗಿತ್ತು. ಔಟ್‌ಬೋರ್ಡ್ ಎಂಜಿನ್ ತನ್ನನ್ನು ತಂಪಾಗಿಸಿಕೊಳ್ಳಲು ಸಮುದ್ರದ ನೀರನ್ನೇ ಹೀರಿ, ಬದಿಯ ಸಣ್ಣ ರಂಧ್ರದಿಂದ ಚಿಮ್ಮಿಸುತ್ತದೆ. ಆ ಚಿಮ್ಮು ನಿಂತಿತೆಂದರೆ ಒಳಹರಿವಿನ ಜಾಲರಿ ಕಟ್ಟಿಕೊಂಡಿದೆ ಎಂದರ್ಥ. ಚಾಲಕ ಅದನ್ನು ಕಂಡೊಡನೆ, ಎಚ್ಚರಿಕೆಯ ಸದ್ದು ಬರುವ ಮೊದಲೇ ಎಂಜಿನ್ ನಿಲ್ಲಿಸಿ, ಮೇಲಕ್ಕೆ ಬಾಗಿಸಿ, ತಂತಿಯ ತುಂಡಿನಿಂದ ಜಾಲರಿ ಕೆರೆದ. ಉಳಿದವರು ಹುಟ್ಟುಗಳಿಂದ ಗಡ್ಡೆಗಳನ್ನು ತಳ್ಳಿದರು. ಹೀಗೆ ಕೆಲವು ನಿಮಿಷ ಓಡಿಸುವುದು, ನಿಲ್ಲಿಸುವುದು, ಕೆರೆಯುವುದು.

ಎರಡನೇ ದೋಣಿಯ ಚಾಲಕ ರೇಡಿಯೊದಲ್ಲಿ, ತಾನು ಮಂಜಿನೊಳಕ್ಕೆ ಬರುವುದಿಲ್ಲ, ದ್ವೀಪದ ಆಚೆ ಬದಿಯ ತೆರೆದ ನೀರಿಗೆ ಸುತ್ತಿಬರುತ್ತೇನೆ ಎಂದು ತಿಳಿಸಿದ. ಸಂಗಡಿಗರು ಕಣ್ಣೆದುರೇ ಸಿಕ್ಕಿಕೊಂಡಿರುವಾಗ ಹಾಗೆ ಹೇಳಲು ಎದೆಗಾರಿಕೆ ಬೇಕು. ಆತನೂ ಒಳನುಗ್ಗಿದ್ದರೆ ನೆರವಿಗೆ ಬೇರೆ ದೋಣಿಯೇ ಇರುತ್ತಿರಲಿಲ್ಲ. ನನ್ನ ದೃಷ್ಟಿಯಲ್ಲಿ ಆ ದಿನದ ಅತ್ಯುತ್ತಮ ನಿರ್ಧಾರ ಅದು, ವರದಿಯಲ್ಲಿ ಅದಕ್ಕೆ ಸಿಕ್ಕಿದ್ದು ಒಂದೇ ಸಾಲು ಎಂಬ ಬೇಸರ ನನಗಿದೆ.

ಕೇಂದ್ರ 1.5 ಕಿಲೋಮೀಟರ್ ದೂರ, ದ್ವೀಪ 300 ಮೀಟರ್. ದ್ವೀಪದಲ್ಲಿ ತುರ್ತು ಡೇರೆ, ಸ್ಟೌ, ಆಹಾರದ ಪೆಟ್ಟಿಗೆಯನ್ನು ಮೊದಲೇ ಇಡಲಾಗಿತ್ತು. ಅಲ್ಲಿಗೆ ತಲುಪಲು ಮುಕ್ಕಾಲು ಗಂಟೆಯಷ್ಟು ಹಿಡಿಯಿತು. ಇಳಿಯುವ ಹೊತ್ತಿಗೆ ಸಂಶೋಧಕಿಯ ಬೆರಳತುದಿಗಳು ಜೋಮು ಹಿಡಿದಿದ್ದವು. ಹೊರಗಿನವರಿಗೆ ಇದು ಚಳಿಯ ಸಣ್ಣ ತೊಂದರೆ ಎನಿಸಬಹುದು. ಆದರೆ ಡೈವ್ ನಂತರದ ಜೋಮು ಎಂದರೆ ರಕ್ತದಲ್ಲಿ ಸಾರಜನಕದ ಗುಳ್ಳೆಗಳಿಂದ ಬರುವ ಕಾಯಿಲೆಯ ಲಕ್ಷಣವೂ ಆಗಿರಬಹುದು, ನಿಲುಗಡೆ ಬಿಟ್ಟ ಡೈವ್ ಬೇರೆ. ಅದಕ್ಕೆ ಚಿಕಿತ್ಸೆ ಕೊಡುವ ಒತ್ತಡದ ಕೋಣೆ ಕೇಂದ್ರದಲ್ಲಿದೆ, ಕೇಂದ್ರಕ್ಕೆ ದಾರಿ ಮುಚ್ಚಿದೆ. ಕೇಂದ್ರದ ವೈದ್ಯರು ರೇಡಿಯೊದಲ್ಲೇ ಒಂದೊಂದಾಗಿ ಕೇಳಿದರು: ಎರಡೂ ಕೈಗಳಲ್ಲಿ ಒಂದೇ ರೀತಿಯಿದೆಯೇ, ಕೀಲುಗಳಲ್ಲಿ ನೋವಿದೆಯೇ, ನಡೆಯುವಾಗ ತೂರಾಟ ಇದೆಯೇ, ಕಾಲಿನ ಬಲ ಸಮನಾಗಿದೆಯೇ. ಕಾರಣ ಖಚಿತವಾಗುವವರೆಗೆ ಕಾಯದೆ, ದೋಣಿಯ ಆಮ್ಲಜನಕ ಕೊಡಲು ಹೇಳಿದರು. ಎರಡೂ ಕೈಗಳಲ್ಲಿ ಸಮನಾಗಿದ್ದ ಜೋಮು, ಬೆಚ್ಚಗಾಗುತ್ತಿದ್ದಂತೆ ಅರ್ಧ ಗಂಟೆಯಲ್ಲಿ ಇಳಿಯಿತು. ಚಳಿಯೇ ಕಾರಣ ಎಂಬ ನಿರ್ಣಯಕ್ಕೆ ವೈದ್ಯರು ಬಂದರೂ, ರಾತ್ರಿಯಿಡೀ ಗಂಟೆಗೊಮ್ಮೆ ವಿಚಾರಿಸಿದರು. ಮರುದಿನ ಬೆಳಗ್ಗೆ ಮಂಜು ಸಡಿಲಗೊಂಡಾಗ ಎಲ್ಲರೂ ಎರಡನೇ ದೋಣಿಯ ಜತೆಯಲ್ಲಿ ಕೇಂದ್ರಕ್ಕೆ ಮರಳಿದರು.

ಫಲಿತಾಂಶ ಮತ್ತು ಚರ್ಚೆ

ಪರಿಶೀಲನೆಯಲ್ಲಿ ಸಂಶೋಧಕಿ ತಮ್ಮ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳಿದರು. ಕೊನೆಗೂ ದೋಣಿ ಸಿಕ್ಕಿಕೊಂಡೇ ಬಿಟ್ಟಿತಲ್ಲ, ಹಾಗಾದರೆ ಆ ಎರಡು ಫಲಕಗಳನ್ನು ತಂದಿದ್ದರೆ ಏನು ಹೆಚ್ಚು ನಷ್ಟವಾಗುತ್ತಿತ್ತು ಎಂಬುದು ಅವರ ಪ್ರಶ್ನೆ. ಪ್ರಶ್ನೆ ನ್ಯಾಯವಾದದ್ದು, ಉತ್ತರ ಗಡಿಯಾರದಲ್ಲಿದೆ. ಕೇಳಿದ ಐದು ನಿಮಿಷ ಕೊಟ್ಟಿದ್ದರೆ ಎರಡನೇ ಡೈವರ್ ದೋಣಿ ಹತ್ತುವುದು 11:58ಕ್ಕೆ. ಮಂಜುಗಡ್ಡೆ ಬಂದದ್ದು 11:56ಕ್ಕೆ. ದೋಣಿ ಸಿಕ್ಕಿಕೊಳ್ಳುವುದಕ್ಕೂ, ನೀರಿನಲ್ಲಿ ಇನ್ನೂ ಮನುಷ್ಯರಿರುವಾಗ ಎಂಜಿನ್ ನಿಲ್ಲಿಸಿದ ದೋಣಿ ಸಿಕ್ಕಿಕೊಳ್ಳುವುದಕ್ಕೂ ಹೋಲಿಕೆಯೇ ಇಲ್ಲ. ಇದನ್ನು ಮಂಡಿಸಿದಾಗ ಅವರು ಒಪ್ಪಿದರು, ಆದರೆ ಇನ್ನೊಂದು ಮಾತು ಸೇರಿಸಿದರು: ಆ ಕ್ಷಣದಲ್ಲಿ ತಾನು ಸಮಯ ಕೇಳಿದ್ದು ಅಪಾಯ ತಿಳಿಯದೆ ಅಲ್ಲ, ಬಿಟ್ಟು ಬಂದರೆ ಎಲ್ಲವೂ ಹೋಯಿತು ಎಂಬ ಭಾವನೆಯಿಂದ.

ಪರಿಶೀಲನೆಯ ದಿಕ್ಕನ್ನೇ ಆ ಮಾತು ಬದಲಿಸಿತು. ಅದುವರೆಗೆ ನಾವು ಮಾತಾಡುತ್ತಿದ್ದುದು ಯಾವಾಗ ಕರೆಯಬೇಕು, ಯಾರು ಕರೆಯಬೇಕು ಎಂಬುದರ ಬಗ್ಗೆ. ಅವೂ ಬೇಕಾದವೇ: ಡೈವ್ ನಿಲ್ಲಿಸುವ ಅಧಿಕಾರವನ್ನು ದೋಣಿ ಚಾಲಕನಿಗೂ ಲಿಖಿತವಾಗಿ ಕೊಡಲಾಯಿತು, ಯಾರು ಮೊದಲು ಹೇಳಿದರೂ ಅದೇ ಅಂತಿಮ. ಪ್ರತಿ ಡೈವ್‌ಗೆ ಮೊದಲು ದಡದ ಒಂದು ಗುರುತನ್ನು ಗೊತ್ತುಮಾಡಿ, ಮಂಜುಗಡ್ಡೆ ಅದನ್ನು ದಾಟಿದರೆ ಚರ್ಚೆಯಿಲ್ಲದೆ ಮೇಲೆ ಬರಬೇಕೆಂದಾಯಿತು. ನೆಲಕಚ್ಚಿದ ಹಿಮಬಂಡೆಗಳನ್ನೂ ಬೆಳಗಿನ ನಕ್ಷೆಯಲ್ಲಿ ಉಬ್ಬರವಿಳಿತದ ವೇಳೆಯೊಂದಿಗೆ ಗುರುತಿಸತೊಡಗಿದರು. ದಿಬ್ಬದ ಮೇಲೆ ಪ್ರಾಣಿಗೊಬ್ಬ, ಮಂಜುಗಡ್ಡೆಗೊಬ್ಬ ಎಂದು ಇಬ್ಬರು ಕಾವಲುಗಾರರಾದರು. ಇದರ ಬೆಲೆಯೂ ಇದೆ. ಮುಂದಿನ ಋತುವಿನಲ್ಲಿ ರದ್ದಾದ ಡೈವ್‌ಗಳು ಹೆಚ್ಚಾದವು, ಕಾವಲಿಗೆ ಜನ ಹೊಂದಿಸಲು ಅಡುಗೆಯವರಿಂದ ಹಿಡಿದು ವಿದ್ಯುತ್ ತಂತ್ರಜ್ಞರವರೆಗೆ ಎಲ್ಲರನ್ನೂ ಕೇಳಬೇಕಾಯಿತು.

ಆದರೆ ಸಂಶೋಧಕಿಯ ಮಾತು ಇದಕ್ಕಿಂತ ಹಿಂದಿನ ಹಂತವನ್ನು ಮುಟ್ಟುತ್ತದೆ. ಕರೆ ಬಂದಾಗ ಡೈವರ್ ತಡಮಾಡುವುದು, ಬಿಟ್ಟುಬರುವುದು ದುಬಾರಿಯಾಗಿರುವುದರಿಂದ. ಹಾಗಾದರೆ ಅದನ್ನು ಅಗ್ಗವಾಗಿಸುವ ಕೆಲಸ ಪ್ರಯೋಗದ ವಿನ್ಯಾಸದಲ್ಲೇ, ದಡದಲ್ಲಿ ಕೂತು ಯೋಜಿಸುವಾಗಲೇ ಆಗಬೇಕು. ಇದಕ್ಕೆ ಪುಷ್ಟಿ ಕೊಟ್ಟದ್ದು ಫಲಕಗಳೇ. ಕೆಲವು ದಿನಗಳ ನಂತರ ಕೊಲ್ಲಿ ತೆರೆದಾಗ ಎಂಟನ್ನೂ ಮೇಲೆ ತರಲಾಯಿತು. ಚೌಕಟ್ಟಿನಲ್ಲೇ ಉಳಿದಿದ್ದ ಎರಡು ಫಲಕಗಳು ಸುಸ್ಥಿತಿಯಲ್ಲಿದ್ದವು. ಮುಚ್ಚಿದ ಪೆಟ್ಟಿಗೆಯೊಳಗಿದ್ದ ಆರರಲ್ಲಿ ಹಲವು ವಸಾಹತುಗಳು ಕಳೆಗುಂದಿದ್ದವು, ಏಕೆಂದರೆ ಅಲ್ಲಿ ಹೊಸ ನೀರು ಆಡುತ್ತಿರಲಿಲ್ಲ. ಅವುಗಳಿಂದ ವಿಸ್ತೀರ್ಣದ ಅಳತೆ ಸಿಕ್ಕಿತು, ಜೀವಂತ ವಸಾಹತುಗಳ ಉಸಿರಾಟದ ಅಳತೆ ಸಿಗಲಿಲ್ಲ.

ಮುಂದಿನ ಋತುವಿಗೆ ಸಂಶೋಧಕಿಯೇ ಪೆಟ್ಟಿಗೆಯನ್ನು ಮತ್ತೆ ರೂಪಿಸಿದರು. ಗೋಡೆಗಳು ಜಾಲರಿಯವು, ತಳದಲ್ಲಿ ವಾರಗಟ್ಟಲೆ ಇದ್ದರೂ ನೀರು ಹರಿದಾಡುತ್ತಿರುತ್ತದೆ. ನೀರು ತುಂಬಿದ ಹೊರಪೆಟ್ಟಿಗೆಯನ್ನು ಮೇಲಕ್ಕೆ ತರುವಾಗ ಮಾತ್ರ ಹೊದಿಸುತ್ತಾರೆ. ಒಂದು ಡೈವ್‌ನಲ್ಲಿ ಬಿಚ್ಚುವ ಫಲಕಗಳನ್ನು ನಾಲ್ಕಕ್ಕೆ ಇಳಿಸಿ, ಪ್ರತಿ ನಾಲ್ಕರ ಗುಂಪೂ ತನ್ನಷ್ಟಕ್ಕೆ ಪೂರ್ಣ ಮಾದರಿಯಾಗುವಂತೆ ಹಂಚಿದರು. ಚೌಕಟ್ಟಿಗೆ ಪೆಟ್ಟಿಗೆ ಬಿಗಿಯುವ ಎರಡು ಕೊಂಡಿಗಳನ್ನು ಶಾಶ್ವತವಾಗಿ ಬೆಸೆಯಲಾಯಿತು, ಕೈಗವಸಿನಿಂದ ಒಂದೇ ಅದುಮಿಗೆ ಮುಚ್ಚುವಂತಹವು. ಆ ಋತುವಿನಲ್ಲಿಯೂ ಮಂಜುಗಡ್ಡೆ ಗುರುತು ದಾಟಿ ಡೈವ್ ನಿಂತ ಸಂದರ್ಭಗಳಿದ್ದವು. ತಂತಿಯಲ್ಲಿ ಕರೆ ಹೋದಾಗ ಇನ್ನಷ್ಟು ಸಮಯ ಕೊಡಿ ಎಂಬ ಉತ್ತರ ಬರಲಿಲ್ಲ. ಕೊಂಡಿ ಹಾಕಿದ್ದೇವೆ, ಮೇಲೆ ಬರುತ್ತಿದ್ದೇವೆ ಎಂದಷ್ಟೇ ಬಂತು.